ಬಂದಿದೆಯೋ, ಬರುತ್ತಿರುತ್ತದೋ?

ನೆಗಡಿ ಹೋಗಿ ಎರಡು-ಮೂರು ವಾರವಾಗಿದೆ, ಎದೆಯೊಳಗಿನ ಸುಂಯ್ ಸದ್ದು ಮಾತ್ರ ಹೋಗಿಲ್ಲ. ಇದು ಬ್ರಾಂಕೈಟಿಸ್ಸೋ, ಅಸ್ತಮಾನೋ? ಚಳಿಗಾಲದಲ್ಲಿ ನಾಗಪುರದ ಮನೆಮನೆಯಲ್ಲೂ ಕೇಳಿಬರುವ ಪ್ರಶ್ನೆಯಿದು. ಇಲ್ಲಿ ಡಿಸೆಂಬರಿನ ರಾತ್ರಿಗಳು 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಊರಿನ ಉತ್ತರಕ್ಕೆ ಕೊರಾಡಿ, ಖಾಪರಖೇಡಾದ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳೂ ಇವೆ. ಆದರೆ ನನ್ನ ತಕರಾರು ಗಾಳಿಯ ಬಗ್ಗೆಯಲ್ಲ, ಒಂದು ಪದದ ಬಗ್ಗೆ.

ಮರಾಠಿಯ ‘ದಮಾ’, ನಮ್ಮ ‘ದಮ್ಮು’ ಎರಡರ ಹಿಂದೆಯೂ ಇರುವುದು ಉಸಿರು ಎಂಬರ್ಥದ ಪಾರ್ಸಿಯ ‘ದಮ್’. ಕನ್ನಡದಲ್ಲಿ ಉಬ್ಬಸವೂ ಇದೆ, ಗೂರಲೂ ಇದೆ. ಇಷ್ಟು ಪದಗಳಿದ್ದರೂ ಬೇಕಾದಾಗ ಒಂದೂ ಬಾಯಿಗೆ ಬರುವುದಿಲ್ಲ. ಅನುವಾದಕಿ ಎಂಬ ಕಾರಣಕ್ಕೆ ಇಲ್ಲಿನ ಕನ್ನಡದ ಕುಟುಂಬಗಳು ಕೆಲವೊಮ್ಮೆ ನನ್ನನ್ನು ದವಾಖಾನೆಗೆ ಕರೆದೊಯ್ಯುತ್ತವೆ. ಅಲ್ಲಿ ನಾನು ಹಿಂದಿಗೆ ದಾಟಿಸಬೇಕಾದ ಒಂದು ಮಾತು: ‘ಹೆಣ್ಣು ಹುಡುಗಿ ಐತ್ರಿ ಡಾಕ್ಟ್ರ, ದಮ್ಮು ಅಂತ ಬರೀಬ್ಯಾಡ್ರಿ.’ ಚೀಟಿಯಲ್ಲಿ ‘ಅಲರ್ಜಿಕ್ ಬ್ರಾಂಕೈಟಿಸ್’ ಎಂದು ಬಿದ್ದರೆ ಎಲ್ಲರಿಗೂ ನಿರಾಳ.

ರಾತ್ರಿ ಹೊತ್ತು ಹಾವಿಗೆ ‘ಹುಳ’ ಎನ್ನುವ ಜನ ನಾವು. ಹಾವನ್ನು ಹುಳ ಎಂದರೆ ಯಾರಿಗೂ ನಷ್ಟವಿಲ್ಲ. ಅಸ್ತಮಾವನ್ನು ಬ್ರಾಂಕೈಟಿಸ್ ಎಂದರೆ ಔಷಧವೇ ಬದಲಾಗುತ್ತದೆ.

ನೆಗಡಿಯ ವೈರಸ್ ಶ್ವಾಸನಾಳಕ್ಕಿಳಿದು ಊತ ತಂದರೆ ಅದು ಬ್ರಾಂಕೈಟಿಸ್. ಸಾಮಾನ್ಯವಾಗಿ ಮೂರು ವಾರದೊಳಗೆ ತಾನಾಗಿ ಇಳಿಯುತ್ತದೆ. ಬಹುಪಾಲು ವೈರಸ್ಸಿನದೇ ಆದ್ದರಿಂದ ಆಂಟಿಬಯಾಟಿಕ್‌ನಿಂದ ಪ್ರಯೋಜನವಿಲ್ಲ. ಅಸ್ತಮಾದಲ್ಲಿ ಊತ ಮೊದಲೇ ಒಳಗಿರುತ್ತದೆ, ನೆಗಡಿ ಅದನ್ನು ಕೆರಳಿಸುತ್ತದೆ ಅಷ್ಟೆ. ಸದ್ದು ನಿಂತ ಮೇಲೂ ಅದು ಉಳಿಯುವುದರಿಂದಲೇ ಸ್ಟಿರಾಯ್ಡ್ ಇನ್‌ಹೇಲರನ್ನು ದಿನವೂ ಎಳೆದುಕೊಳ್ಳಿ ಎನ್ನುವುದು. ಬ್ರಾಂಕೈಟಿಸ್ ಎಂದು ನಂಬಿದ ಮನೆಯವರು ಸದ್ದು ನಿಂತ ದಿನವೇ ಇನ್‌ಹೇಲರನ್ನು ಕಪಾಟಿಗೆ ಸೇರಿಸುತ್ತಾರೆ. ಅವರ ತರ್ಕ ಸರಿಯಾಗಿಯೇ ಇದೆ. ಅವರಿಗೆ ಕೊಟ್ಟ ಪದ ಸರಿಯಿಲ್ಲ.

ಸ್ಟೆತಾಸ್ಕೋಪಿಗೆ ಎರಡೂ ಒಂದೇ ಥರ ಕೇಳಿಸಬಹುದು. ವ್ಯತ್ಯಾಸ ಸಿಗುವುದು ನಮ್ಮ ಕ್ರಿಯಾಪದದಲ್ಲಿ. ‘ಉಬ್ಬಸ ಬಂದಿದೆ’ ಎಂದರೆ ಒಂದು ಸಲದ ಘಟನೆ. ‘ಉಬ್ಬಸ ಬರುತ್ತಿರುತ್ತದೆ’ ಎಂದರೆ ಮರುಕಳಿಸುವ ಸಂಗತಿ. ಪ್ರತಿ ನೆಗಡಿಗೂ ಎದೆ ಕಟ್ಟುತ್ತದೆಯೇ? ನಸುಕಿನಲ್ಲಿ ಕೆಮ್ಮು ಎಬ್ಬಿಸುತ್ತದೆಯೇ? ಓಡಿದಾಗ, ಜೋರಾಗಿ ನಕ್ಕಾಗ, ಊದುಬತ್ತಿ ಹಚ್ಚಿದಾಗ, ಒಗ್ಗರಣೆಯ ಘಾಟಿಗೆ? ನೆಗಡಿಯೇ ಇಲ್ಲದ ದಿನಗಳಲ್ಲೂ? ಇಸುಬು, ಬೆಳಗಿನ ಸೀನುಗಳ ಸರಮಾಲೆ, ಮನೆಯಲ್ಲಿ ಇನ್ನೊಬ್ಬರಿಗೆ ಉಬ್ಬಸ ಇದೆಯೇ? ಇವೆಲ್ಲ ‘ಬರುತ್ತಿರುತ್ತದೆ’ಯ ಗುರುತುಗಳು. ವೈದ್ಯರ ಮುಂದೆ ಕುಳಿತಾಗ ನಾವು ಹೇಳುವುದು ಮಾತ್ರ ‘ಬಂದಿದೆ’ ಎಂದಷ್ಟೇ. ಗೋಡೆಯ ಕ್ಯಾಲೆಂಡರಿನಲ್ಲಿ ಉಬ್ಬಸದ ದಿನಗಳಿಗೊಂದು ಗುರುತು ಹಾಕಿ ಕೊಂಡೊಯ್ದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧಕ್ಕೆ ಸ್ಪೈರೋಮೆಟ್ರಿ ಇದೆ. ಒಮ್ಮೆ ಊದಿ, ನಾಳ ಹಿಗ್ಗಿಸುವ ಔಷಧ ಎಳೆದುಕೊಂಡು ಮತ್ತೆ ಊದುವುದು. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ದೊಡ್ಡವರಲ್ಲಿ ಶೇ 12ರಷ್ಟು, ಜೊತೆಗೆ 200 ಮಿಲಿಲೀಟರಿನಷ್ಟು ಹೆಚ್ಚಿದರೆ ಅಸ್ತಮಾದ ಸಾಧ್ಯತೆ ಬಲವಾಗುತ್ತದೆ. ಆರಾಮಿದ್ದ ದಿನ ಊದಿದರೆ ಎಲ್ಲ ಸರಿಯಿದೆಯೆಂದೂ ಬರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಸರಿಯಾಗಿ ಊದುವುದೇ ಕಷ್ಟ. ಅಲ್ಲಿ ಆ ಕ್ಯಾಲೆಂಡರಿಗೆ ಇನ್ನೂ ಹೆಚ್ಚಿನ ಬೆಲೆ.

ಹಾಗೆಂದು ಪ್ರತಿ ಸುಂಯ್ ಸದ್ದಿಗೂ ಅಸ್ತಮಾ ಎಂಬ ಹಣೆಪಟ್ಟಿ ಬೇಡ. ನೆಗಡಿಯಾದಾಗ ಮಾತ್ರ ಉಬ್ಬಸಪಡುವ ಎಷ್ಟೋ ಪುಟ್ಟ ಮಕ್ಕಳಿಗೆ ಬೆಳೆಯುತ್ತ ಅದು ಬಿಟ್ಟುಹೋಗುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆಯೂ ಆಗಬೇಕು. ತಿಳಿಯದಿದ್ದರೆ ‘ಇನ್ನೂ ಖಚಿತವಿಲ್ಲ, ಕೆಲವು ತಿಂಗಳು ನೋಡೋಣ’ ಎಂದೇ ಬರೆಯಲಿ. ಅದು ಪ್ರಾಮಾಣಿಕ ಮಾತು. ಮಾತನಾಡಲೂ ಉಸಿರು ಸಾಲದೆ, ಪಕ್ಕೆ ಒಳಸೇದಿ, ತುಟಿ ನೀಲಿಗಟ್ಟಿದರೆ ಮಾತ್ರ ಹೆಸರಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಮೈಸೂರೂ ಸೇರಿದಂತೆ ದೇಶದ ಒಂಬತ್ತು ಕಡೆ ಗ್ಲೋಬಲ್ ಅಸ್ತಮಾ ನೆಟ್‌ವರ್ಕ್ ನಡೆಸಿ, 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಉಬ್ಬಸವಿದ್ದವರಲ್ಲಿ ಶೇ 82 ಮಂದಿಗೆ ಅಸ್ತಮಾ ಎಂಬ ರೋಗನಿರ್ಣಯವೇ ಆಗಿರಲಿಲ್ಲ. ತೀವ್ರ ಲಕ್ಷಣಗಳಿದ್ದವರಲ್ಲೂ ಶೇ 70 ಮಂದಿಯ ಕಥೆ ಅದೇ. ಇಷ್ಟಕ್ಕೂ ಸೌಮ್ಯೋಕ್ತಿಯೊಂದೇ ಕಾರಣವೆನ್ನಲಾರೆ. ಅದರ ಪಾಲೂ ಇದೆ ಎಂದು ನನ್ನ ನಂಬಿಕೆ.

ಹೆಸರು ಬರೆದರೆ ಮಗಳ ಸಂಬಂಧ ತಪ್ಪೀತೆಂಬ ತಾಯಿಯ ಭಯ ಸುಳ್ಳಲ್ಲ. ಆದರೆ ಅಸ್ತಮಾ ಎಂಬ ಹೆಸರಿನೊಂದಿಗೆ, ದಿನವೂ ಇನ್‌ಹೇಲರ್ ಎಳೆದುಕೊಂಡು ಬಸ್ಸು ಹಿಡಿಯಲು ಓಡುವ ಹುಡುಗಿಯೂ ಇದ್ದಾಳೆ; ಒಳ್ಳೆಯ ಹೆಸರಿಟ್ಟುಕೊಂಡು ನಡುರಾತ್ರಿ ದಿಂಬಿಗೊರಗಿ ಉಸಿರಿಗಾಗಿ ಕಾಯುವ ಹುಡುಗಿಯೂ ಇದ್ದಾಳೆ. ಮಗಳು ಇವರಿಬ್ಬರಲ್ಲಿ ಯಾರಾಗಬೇಕು ಎಂಬುದು ಆ ಚೀಟಿಯ ಮೇಲಿನ ಒಂದು ಪದದಿಂದಲೇ ಶುರುವಾಗುತ್ತದೆ.