ಕಳೆಯ ಹುಟ್ಟು ತಿಳಿಯದೆ ಕುಡುಗೋಲು ಹಿಡಿದರೆ

ಕೋಲಾರ ಜಿಲ್ಲೆಯಲ್ಲಿ ಕಳೆ ತೆಗೆಸುವ ಕೆಲಸಕ್ಕೆ ಕೊನೆಯೇ ಇಲ್ಲದಂತಾಗಿದೆ. ಕೆರೆಗೆ ಜೆಸಿಬಿ ಇಳಿಯುತ್ತದೆ, ಅಂತರಗಂಗೆಯನ್ನು ಎತ್ತಿ ಏರಿಯ ಮೇಲೆ ರಾಶಿ ಹಾಕುತ್ತದೆ. ಮರುವರ್ಷದ ಮಳೆಗೆ ಕೆರೆ ಮತ್ತೆ ಹಸಿರು ಹೊದೆಯುತ್ತದೆ. ಗುಡ್ಡದ ಲಂಟಾನಕ್ಕೆ ಬೆಂಕಿ ಬೀಳುತ್ತದೆ. ಬೂದಿಯ ನಡುವಿನಿಂದಲೇ ಚಿಗುರೇಳುತ್ತದೆ. ಬಳ್ಳಾರಿ ಜಾಲಿಯ ಒಂದು ಕಾಂಡ ಕಡಿದ ಜಾಗದಲ್ಲಿ ಹಲವು ಕೊಂಬೆಗಳು ಒಡೆಯುತ್ತವೆ. ಕಳೆಗೆ ಸಾವಿಲ್ಲ ಎಂದು ಜನ ಕೈಚೆಲ್ಲುವುದು ಸಹಜವೇ. ಆದರೆ ಸೋಲಿಗೆ ಕಾರಣ ಕಳೆಯ ಅಮರತ್ವವಲ್ಲ. ಮೂರು ಬೇರೆ ಬೇರೆ ಕುಲದ ಗಿಡಗಳನ್ನು ಒಂದೇ ಬಗೆಯಲ್ಲಿ ಎದುರಿಸುತ್ತಿರುವುದೇ ಕಾರಣ. ಯಾವ ಗಿಡ ಹೇಗೆ ಹುಟ್ಟುತ್ತದೆ, ಯಾರ ಮೂಲಕ ಹಬ್ಬುತ್ತದೆ, ಅದರ ವಂಶ ಒಂದೆಯೋ ಹಲವೋ ಎಂಬುದನ್ನು ಅರಿಯದೆ ಮಾಡಿದ ಖರ್ಚು ನೀರಿನಲ್ಲಿ ಹೋಮ ಮಾಡಿದಂತೆ.

ಈ ಮಾತಿಗೆ ಜಗತ್ತಿನ ಪ್ರಸಿದ್ಧ ಉದಾಹರಣೆ ಜಪಾನಿನ ನಾಟ್‌ವೀಡ್. ಗಂಟುಗಂಟಾದ ಟೊಳ್ಳು ಕಾಂಡದ ಈ ಗಿಡವನ್ನು ಜರ್ಮನ್ ವೈದ್ಯ ಹಾಗೂ ಸಸ್ಯಸಂಗ್ರಾಹಕ ಸೀಬೋಲ್ಟ್ 19ನೆಯ ಶತಮಾನದ ಮಧ್ಯಭಾಗದಲ್ಲಿ ಹಾಲೆಂಡಿನ ಲೈಡನ್ ನಗರಕ್ಕೆ ತಂದನು. 1850ರಲ್ಲಿ ಅದು ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನವನ್ನು ಸೇರಿತು. ಅಲಂಕಾರದ ಗಿಡವೆಂದು ನರ್ಸರಿಗಳು ಮಾರಿದವು. ಒಂದೂವರೆ ಶತಮಾನದ ಬಳಿಕ ಲೆಸ್ಟರ್ ವಿಶ್ವವಿದ್ಯಾಲಯದ ಜಾನ್ ಬೇಲಿ ಮತ್ತು ಸಂಗಡಿಗರು ಬ್ರಿಟನ್ನಿನ ಉದ್ದಗಲದಿಂದ ಮಾದರಿಗಳನ್ನು ತಂದು ಪರೀಕ್ಷಿಸಿದಾಗ ಅವೆಲ್ಲವೂ ಒಂದೇ ಹೆಣ್ಣು ಗಿಡದ ತದ್ರೂಪಿಗಳೆಂದು ತಿಳಿಯಿತು. ಪರಾಗ ಕೊಡುವ ಸ್ವಜಾತಿಯ ಗಂಡು ಗಿಡವೇ ಅಲ್ಲಿಲ್ಲ. ಬೀಜದ ಹಂಗಿಲ್ಲದೆ ಆ ಗಿಡ ದೇಶವನ್ನೇ ಆಕ್ರಮಿಸಿತು. ಒಂದು ಗ್ರಾಮಿಗಿಂತ ಕಡಿಮೆ ತೂಕದ ಬೇರುಕಾಂಡದ ಚೂರೂ ಹೊಸ ಗಿಡವಾಗಬಲ್ಲದು. ಆ ಚೂರುಗಳನ್ನು ಊರೂರಿಗೆ ಸಾಗಿಸಿದ್ದು ಹೊಳೆಯ ಪ್ರವಾಹ, ಮಣ್ಣು ತುಂಬಿದ ಲಾರಿ ಮತ್ತು ಗಿಡ ಕಡಿಯಲು ಹೋದ ಮನುಷ್ಯ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಸಖಾಲಿನ್ ದ್ವೀಪದ ದೈತ್ಯ ನಾಟ್‌ವೀಡ್ ಕೂಡ ಯುರೋಪಿನ ತೋಟಗಳಿಗೆ ಬಂದಿತು. ಜಪಾನಿನ ಗಿಡದಲ್ಲಿ 88 ವರ್ಣತಂತುಗಳು, ಸಖಾಲಿನ್ ಗಿಡದಲ್ಲಿ 44. ಇವೆರಡರ ಸಂಕರದಿಂದ 66 ವರ್ಣತಂತುಗಳ ಹೊಸ ಗಿಡ ಹುಟ್ಟಿತು. 1983ರಲ್ಲಿ ಬೊಹೀಮಿಯಾದ ಹೆಸರಿನಲ್ಲಿ ಅದನ್ನು ವರ್ಣಿಸಲಾಯಿತು. ಒಂದೇ ವಂಶವಾಗಿದ್ದ ಕಡೆ ಇನ್ನೊಂದು ವಂಶ ಬಂದು ಸೇರಿದರೆ ಕಳೆಯ ಬಲ ಹೊಸ ರೂಪ ತಾಳುತ್ತದೆ ಎಂಬುದು ಇದರ ಪಾಠ.

ಬಂಗಾರಪೇಟೆಯ ರೈತನಿಗೆ ಜಪಾನಿನ ನಾಟ್‌ವೀಡ್‌ನ ಕಾಟವಿಲ್ಲ. ಅದೇ ಕುಟುಂಬಕ್ಕೆ ಸೇರಿದ, ಗಂಟುಕಾಂಡ ಮತ್ತು ಗುಲಾಬಿ ಹೂಗೊಂಚಲಿನ ಗಿಡಗಳು ಕೆರೆಯಂಚಿನ ಜವುಗಿನಲ್ಲಿ ಬೆಳೆಯುತ್ತವೆ. ಅವು ಈ ನೆಲದವೇ, ಅವುಗಳ ಮೇಲೆ ಹಗೆ ಬೇಡ. ನಾಟ್‌ವೀಡ್‌ನ ಬದುಕಿನ ರೀತಿಯನ್ನು ಇಲ್ಲಿ ಬದುಕುತ್ತಿರುವುದು ಬೇರೊಂದು ಗಿಡ, ಅಂತರಗಂಗೆ. ಶತಶೃಂಗ ಬೆಟ್ಟದಲ್ಲಿ ಬಂಡೆಯಡಿಯಿಂದ ಜಿನುಗುವ ಪವಿತ್ರ ಚಿಲುಮೆಗೂ ಕೆರೆಯ ಉಸಿರು ಕಟ್ಟುವ ಈ ಕಳೆಗೂ ಒಂದೇ ಹೆಸರಿರುವುದು ಒಂದು ವಿಪರ್ಯಾಸ.

ದಕ್ಷಿಣ ಅಮೆರಿಕದ ಈ ಗಿಡ ಹೂವಿನ ಚೆಲುವಿನಿಂದಾಗಿ 19ನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ಬಂದಿತು. ಅಲ್ಲಿನ ನದಿ ಕಾಲುವೆಗಳನ್ನು ಅದು ಎಷ್ಟು ಕಟ್ಟಿಹಾಕಿತೆಂದರೆ, 1936ರಲ್ಲಿ ಅದರ ವಿರುದ್ಧ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಕೆನಡಾದ ಸ್ಪೆನ್ಸರ್ ಬ್ಯಾರೆಟ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತವರಿನ ಹೊರಗೆ ಬೆಳೆದಿರುವ ಅಂತರಗಂಗೆಯ ಬಹುಪಾಲು ಒಂದೇ ತದ್ರೂಪಿ ವಂಶಕ್ಕೆ ಸೇರಿದ್ದು. ತಾಯಿಗಿಡ ಪಕ್ಕಕ್ಕೆ ಬಳ್ಳಿ ಚಾಚಿ ಮರಿಗಿಡ ಕೊಡುತ್ತದೆ, ಮರಿಗಿಡ ತಾನೂ ತಾಯಿಯಾಗುತ್ತದೆ. ಅನುಕೂಲವಿದ್ದ ಕಡೆ ಒಂದೆರಡು ವಾರಗಳಲ್ಲಿ ಅದು ಇಮ್ಮಡಿಯಾಗುತ್ತದೆ.

ಆ ಅನುಕೂಲ ಕೋಲಾರದಲ್ಲಿ ಎರಡು ಬಗೆಯಿಂದ ಒದಗಿದೆ. ಮೊದಲನೆಯದು ಕೆರೆಗಳ ಸರಪಣಿ. ಹಿರಿಯರು ಈ ಬಯಲುಸೀಮೆಯಲ್ಲಿ ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಹರಿಯುವಂತೆ ಕಟ್ಟಿದರು. ಪಾಲಾರ್ ನದಿ ಬೇತಮಂಗಲವನ್ನು ಹಾದು ಆಂಧ್ರ, ತಮಿಳುನಾಡಿಗೆ ಸಾಗುವುದೂ ಇಂಥ ಕೆರೆಗಳ ನಡುವೆಯೇ. 2021ರ ನವೆಂಬರ್ ಮಳೆಗೆ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಹರಿದವು. ನೀರು ಕಂಡ ಸಂಭ್ರಮ ನ್ಯಾಯವಾದದ್ದೇ. ಆದರೆ ಮೇಲಿನ ಕೆರೆಯಲ್ಲಿ ಕಳೆಯಿದ್ದರೆ ಅದೇ ಕೋಡಿ ನೀರು ಕೆಳಗಿನ ಕೆರೆಗೆ ಗಿಡವನ್ನೂ ಹೊತ್ತೊಯ್ಯುತ್ತದೆ. ಎರಡನೆಯದು ಆಹಾರ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರು ಎರಡನೆಯ ಹಂತದವರೆಗೆ ಶುದ್ಧಗೊಂಡು ಕೋಲಾರದ ಕೆರೆಗಳಿಗೆ ಬರುತ್ತಿದೆ. ಬತ್ತಿದ ಕೆರೆಗಳಿಗೆ ನೀರು ಬಂದದ್ದನ್ನು ಅಲ್ಲಗಳೆಯಲಾಗದು. ಆದರೆ ಆ ಹಂತದ ಶುದ್ಧೀಕರಣದಲ್ಲಿ ಸಾರಜನಕ, ರಂಜಕಗಳು ಪೂರ್ತಿ ಹೋಗುವುದಿಲ್ಲ. ಹೊಲಕ್ಕೆ ಗೊಬ್ಬರವಾದದ್ದು ಕೆರೆಯಲ್ಲಿ ಕಳೆಗೂ ಗೊಬ್ಬರವೇ. ಊರ ಚರಂಡಿಯ ನೀರು ಸೇರುವ ಕೆರೆಗಳ ಕಥೆಯೂ ಇದೇ.

ಅಂತರಗಂಗೆ ನಾಟ್‌ವೀಡ್‌ನಂತೆ ಬೀಜವಿಲ್ಲದ್ದೂ ಅಲ್ಲ. ತನ್ನ ಪರಾಗದಿಂದಲೇ ಅದು ಬೀಜ ಕಟ್ಟಬಲ್ಲದು. ಆ ಬೀಜ ಹೂಳಿನಲ್ಲಿ ಹತ್ತಾರು ವರ್ಷ ಜೀವ ಹಿಡಿದಿರುತ್ತದೆ. ಕೆರೆ ಒಣಗಿತು, ಕಳೆ ಸತ್ತಿತು ಎಂದು ನಂಬಿದ ಊರಿಗೆ ಮುಂದಿನ ಮಳೆಯೇ ಉತ್ತರ ಹೇಳುತ್ತದೆ.

ಹಾಗಾದರೆ ಒಂದೇ ವಂಶವಾಗಿರುವುದರಿಂದ ಕಳೆಗೆ ಲಾಭ ಮಾತ್ರವೇ? ಅಲ್ಲ, ಅದರಲ್ಲೇ ಅದರ ದೌರ್ಬಲ್ಯವೂ ಇದೆ. ಎಲ್ಲ ಗಿಡಗಳೂ ಒಂದೇ ಆದಾಗ ಒಂದನ್ನು ತಿನ್ನಬಲ್ಲ ಕೀಟ ಎಲ್ಲವನ್ನೂ ತಿನ್ನಬಲ್ಲದು. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ವಿಜ್ಞಾನಿಗಳು ಅಂತರಗಂಗೆಯನ್ನೇ ತಿಂದು ಬದುಕುವ ನಿಯೋಕೆಟಿನಾ ಎಂಬ ಮೂತಿಹುಳುಗಳನ್ನು ಹೊರದೇಶದಿಂದ ತಂದು, ಪರೀಕ್ಷಿಸಿ, ನಗರದ ಸುತ್ತಲ ಕೆರೆಗಳಲ್ಲಿ ಬಿಟ್ಟರು. ಕೆಲವು ಕೆರೆಗಳಲ್ಲಿ ಕೆಲವೇ ವರ್ಷಗಳಲ್ಲಿ ಕಳೆ ಕುಸಿಯಿತು. ಆದರೆ ಹುಳು ಬೆಳೆಯಲು ಕಾಲ ಬೇಕು. ಕೊಳಚೆ ತಿಂದ ಗಿಡ ಹುಳು ತಿನ್ನುವುದಕ್ಕಿಂತ ವೇಗವಾಗಿ ಬೆಳೆದರೆ, ಅಥವಾ ಯಂತ್ರವು ಗಿಡದೊಡನೆ ಹುಳುವನ್ನೂ ಎತ್ತಿ ಒಣಗಿಸಿದರೆ, ಫಲ ಸಿಗದು.

ಲಂಟಾನ ಇದಕ್ಕೆ ತೀರ ವಿರುದ್ಧ. ಅಮೆರಿಕ ಖಂಡದ ಕಾಡುಗಿಡಗಳನ್ನು ಯುರೋಪಿನ ತೋಟಗಾರರು ಬಣ್ಣಬಣ್ಣದ ಹೂವಿಗಾಗಿ ಒಂದರೊಡನೊಂದು ಸಂಕರ ಮಾಡಿದರು. ಆ ಬೆರಕೆಯ ಗಿಡ 19ನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿತು. ಮುಂದೆಯೂ ಬೇರೆ ಬೇರೆ ತಳಿಗಳು ಬಂದವು. ಅದರಲ್ಲಿ 22, 33, 44, 55 ಹೀಗೆ ವರ್ಣತಂತುಗಳ ಸಂಖ್ಯೆಯೇ ಒಂದಾಗಿಲ್ಲ. ಭಾರತದಲ್ಲಿ ಅದರ ಮೇಲೂ ಕೀಟಗಳನ್ನು ಬಿಟ್ಟು ನೋಡಲಾಗಿದೆ. ಅಂತರಗಂಗೆಯ ಮೇಲೆ ದೊರೆತಂಥ ಜಯ ದೊರೆತಿಲ್ಲ. ಒಂದು ತಳಿ ರುಚಿಸಿದ ಕೀಟಕ್ಕೆ ಪಕ್ಕದ ತಳಿ ರುಚಿಸದಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಅದರ ಹಣ್ಣನ್ನು ಪಿಕಳಾರ ಹಕ್ಕಿ ತಿಂದು ಬೀಜವನ್ನು ಗುಡ್ಡದ ಮೇಲೆಲ್ಲ ಬಿತ್ತುತ್ತದೆ. ಬುಡ ಉಳಿಸಿ ಕೊಂಬೆ ಸವರಿದರೆ, ಬೆಂಕಿ ಹಚ್ಚಿದರೆ, ಅದು ಮತ್ತೆ ಚಿಗುರುತ್ತದೆ. ಮಣ್ಣಿನ ಕೆಳಗೆ ಮೂರು ನಾಲ್ಕು ಬೆರಳಷ್ಟು ಆಳದಲ್ಲಿ ತಾಯಿಬೇರನ್ನು ಕಡಿದು, ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಟ್ಟು, ತೆರವಾದ ಜಾಗದಲ್ಲಿ ತಡಮಾಡದೆ ಹುಲ್ಲು, ಹೊಂಗೆ, ಕಗ್ಗಲಿಗಳನ್ನು ಎಬ್ಬಿಸಬೇಕು. ಖಾಲಿ ಬಿಟ್ಟ ನೆಲ ಲಂಟಾನಕ್ಕೇ ಸಲ್ಲುತ್ತದೆ.

ಬಳ್ಳಾರಿ ಜಾಲಿಯನ್ನು ಹಬ್ಬಿಸುವುದು ದನ, ಆಡು, ಕುರಿ. ಸಿಹಿ ಕಾಯಿ ತಿಂದ ದನದ ಸಗಣಿಯಲ್ಲಿ ಬೀಜ ಮೊಳೆಯಲು ಸಿದ್ಧವಾಗಿ ಹೊರಬರುತ್ತದೆ. ಆದ್ದರಿಂದ ಗೋಮಾಳ, ಕೆರೆಯಂಗಳಗಳಲ್ಲಿ ಅದನ್ನು ಕಾಯಿ ಕಟ್ಟುವ ಮೊದಲೇ ಬುಡಸಮೇತ ಅಗೆಯಬೇಕು. ಆದರೆ ಚಿನ್ನದ ಗಣಿಯ ಊರಿನಲ್ಲಿ ಒಂದು ಎಚ್ಚರ ಅಗತ್ಯ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ಸೈನೈಡ್ ಗುಡ್ಡಗಳು ಉಳಿದವು. ಗಾಳಿಗೆ ಅವುಗಳ ಧೂಳು ಮನೆಗಳ ಮೇಲೆ ಬೀಳುವುದನ್ನು ಆ ಊರಿನವರು ಚೆನ್ನಾಗಿ ಬಲ್ಲರು. ಅಂಥ ನೆಲದಲ್ಲಿ ಬೇರೂರಿದ ಗಿಡ, ಅದು ಜಾಲಿಯೇ ಆಗಿದ್ದರೂ, ಧೂಳನ್ನು ಹಿಡಿದಿಟ್ಟಿದೆ. ಬದಲಿ ಹಸಿರು ಎದ್ದು ನಿಲ್ಲುವ ಮೊದಲು ಅದನ್ನು ಕಿತ್ತರೆ ಕಳೆಗಿಂತ ದೊಡ್ಡ ಕೇಡಾದೀತು.

ಹೀಗಿರುವಾಗ ಗ್ರಾಮ ಪಂಚಾಯಿತಿಗಳು ಮಾಡಬೇಕಾದ ಮೊದಲ ಕೆಲಸವೆಂದರೆ ಕೆರೆಯೊಂದನ್ನೇ ನೋಡದೆ ಸರಪಣಿಯನ್ನು ನೋಡುವುದು. ಮೇಲಿನ ಕೆರೆಯಿಂದ ಆರಂಭಿಸಿ ಕೆಳಕ್ಕೆ ಬರಬೇಕು. ಕೆಳಗಿನ ಕೆರೆಯನ್ನು ಮೊದಲು ತೊಳೆದರೆ ಒಂದು ಕೋಡಿ ಅದನ್ನು ವ್ಯರ್ಥಗೊಳಿಸುತ್ತದೆ. ಮಳೆಗಾಲಕ್ಕೆ ಮುನ್ನ ಕೋಡಿಯ ಹಿಂದೆ, ನೀರಿನ ಹರಿವು ಕಟ್ಟಿಕೊಳ್ಳದಂತೆ, ಬಿದಿರಿನ ಅಥವಾ ಬಲೆಯ ತಡೆ ಹಾಕಿ, ಸಿಕ್ಕಿದ ಗಿಡವನ್ನು ಆಗಾಗ ಎತ್ತುತ್ತಿರಬೇಕು. ಎತ್ತಿದ್ದನ್ನು ಏರಿಯ ಮೇಲೆ ಬಿಡದೆ ಮಳೆನೀರು ಮುಟ್ಟದ ದೂರಕ್ಕೆ ಒಯ್ಯಬೇಕು. ಅಂತರಗಂಗೆ ಭಾರಲೋಹಗಳನ್ನು ಹೀರಿಕೊಳ್ಳುವ ಗಿಡ. ಕೊಳಚೆ ನೀರಿನಲ್ಲಿ ಬೆಳೆದದ್ದನ್ನು ಪರೀಕ್ಷೆಯಿಲ್ಲದೆ ದನಕ್ಕೆ ಹಾಕಬಾರದು, ತರಕಾರಿಗೆ ಗೊಬ್ಬರ ಮಾಡಬಾರದು. ಯಂತ್ರ ಇಳಿಸುವ ಕಡೆ ಹುಳು ಹಿಡಿದ ಗಿಡಗಳಿದ್ದರೆ ಒಂದು ಮೂಲೆಯಲ್ಲಿ ಬೇಲಿ ಕಟ್ಟಿ ಉಳಿಸಿಕೊಳ್ಳುವುದು ಲೇಸು. ಎಲ್ಲಕ್ಕೂ ಮಿಗಿಲಾಗಿ, ಕೆರೆಗೆ ಬರುವ ನೀರಿನಿಂದ ಸಾರಜನಕ, ರಂಜಕಗಳನ್ನು ತೆಗೆಯುವ ಮೂರನೆಯ ಹಂತದ ಶುದ್ಧೀಕರಣಕ್ಕಾಗಿ ಗ್ರಾಮಸಭೆಗಳು ನಿರ್ಣಯ ಮಾಡಿ ಸರ್ಕಾರವನ್ನು ಒತ್ತಾಯಿಸಬೇಕು. ಕಳೆಯ ಊಟ ನಿಲ್ಲಿಸದೆ ಕಳೆ ನಿಲ್ಲದು.

ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಊರಿನ ಯಾವ ಕೆರೆಯ ಕೋಡಿ ಯಾವ ಕೆರೆಗೆ ಬೀಳುತ್ತದೆ ಎಂಬುದನ್ನು ನೀರುಗಂಟಿಗಳಿಂದ, ಹಿರಿಯರಿಂದ ಕೇಳಿ ನಕ್ಷೆ ಬರೆಯಲಿ. ಕಳೆ ಮೊದಲು ಕಂಡ ತಿಂಗಳನ್ನು ಗುರುತಿಸಲಿ. ಎಲೆಯ ಮೇಲೆ ಹುಳು ಕೆರೆದ ಚುಕ್ಕೆಗಳಿವೆಯೇ ಎಂದು ನೋಡಲಿ. ಲಂಟಾನದ ಹೂಬಣ್ಣಗಳು ಗುಡ್ಡದಿಂದ ಗುಡ್ಡಕ್ಕೆ ಹೇಗೆ ಬದಲಾಗುತ್ತವೆ ಎಂದು ದಾಖಲಿಸಲಿ. ಹೂವು ಚೆಂದವೆಂದು ನರ್ಸರಿಯ ಅಂತರಗಂಗೆಯನ್ನೋ ಹೊಸ ಬಣ್ಣದ ಲಂಟಾನವನ್ನೋ ಊರಿಗೆ ತರುವವರಿಗೆ ನಾಟ್‌ವೀಡ್‌ನ ಕಥೆ ಹೇಳಲಿ. ಇಂಥ ಲೆಕ್ಕವನ್ನು ಕೈಯಲ್ಲಿ ಹಿಡಿದ ಗ್ರಾಮಸಭೆಯು ಮುಂದಿನ ಬಾರಿ ಕಳೆ ತೆಗೆಸುವ ಗುತ್ತಿಗೆ ಬಂದಾಗ ಎಲ್ಲಿಂದ ಆರಂಭ, ಎತ್ತಿದ್ದು ಎಲ್ಲಿಗೆ, ಮರುವರ್ಷ ಯಾರ ಹೊಣೆ ಎಂದು ಕೇಳಬಲ್ಲದು. ಆ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಹಣ ಬಿಡುಗಡೆ ಮಾಡದಿರುವುದೇ ವಿವೇಕ.