ಚುಕ್ಕಿಗಳ ಸಾಲಿಗೆ ನಮ್ಮದೇ ಒಂದು ವಾಕ್ಯ ಬೇಡ್ವಾ?

ಕಳೆದ ಎಳ್ಳಮಾವಾಸ್ಯೆಗೆ ನಾವು ನಾಲ್ವರು ಗೆಳೆಯನ ಊರು ಕೊಡ್ಲಿಗೆ ಹೋಗಿದ್ವಿ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ಹೊಟ್ಟೆ ತುಂಬ ಉಂಡು, ರಾತ್ರಿ ಮಾಳಿಗೆ ಮೇಲೆ ಮಲಗಿದ್ವಿ. ಅಮಾವಾಸ್ಯೆ ಕತ್ತಲು, ಪೂರ್ವಕ್ಕೆ ಕೆಂಪನೆಯ ಒಂದು ಚುಕ್ಕಿ. ನಾವು ಮೊಬೈಲ್ ಹಿಡಿದು ನೋಡಿ, "ಬೀಟಲ್‌ಜ್ಯೂಸ್, ಎಂ ಟೈಪ್" ಅಂದ್ವಿ. ಗೆಳೆಯನ ಮುತ್ಯಾ ನಕ್ಕು, "ಅದು ಆರಿದ್ರಾ ಅದ ತಮ್ಮಾ, ಮಳಿ ನಕ್ಷತ್ರ" ಅಂದ್ರು.

ಮಿರಗ, ಆರಿದ್ರಾ ಮಳೆ ನೋಡಿ ತೊಗರಿ ಬಿತ್ತೋ ಸೀಮೆ ಇದು. ಆದ್ರೆ ಆರಿದ್ರಾ ಮಳೆ ಬರೋದು ಜೂನ್ ಕೊನೆಗೆ. ಆಗ ಸೂರ್ಯನೇ ಆ ನಕ್ಷತ್ರದ ದಿಕ್ಕಿನಲ್ಲಿರ್ತಾನೆ, ಹಾಗಾಗಿ ಚುಕ್ಕಿ ಕಾಣಲ್ಲ. ಆರು ತಿಂಗಳ ನಂತರ ರಾತ್ರಿಯೆಲ್ಲ ಕಾಣುತ್ತೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಎರಡೂ ಹೆಸರು ಒಂದೇ ಚುಕ್ಕಿಯದ್ದು ಅಂತ ಗೊತ್ತಾಗೋಕೆ ಹತ್ತೊಂಬತ್ತು ವರ್ಷ ಬೇಕಾಯ್ತು.

ನಕ್ಷತ್ರಗಳ ವಿಧ ಓ, ಬಿ, ಎ, ಎಫ್, ಜಿ, ಕೆ, ಎಂ. ಇದನ್ನ ನೆನಪಿಡೋಕೆ ನಮಗೆ ಕಲಿಸಿದ್ದು ಹುಡುಗಿಯ ಹತ್ರ ಮುತ್ತು ಕೇಳೋ ಒಂದು ಇಂಗ್ಲಿಷ್ ವಾಕ್ಯ. ಹುಡುಗರು ಕಿಸಕ್ಕಂತ ನಕ್ರು, ಹುಡುಗಿಯರು ತಲೆ ತಗ್ಗಿಸಿದ್ರು. ಆದ್ರೆ ಈ ಸಾಲನ್ನ ಜೋಡಿಸಿದ್ದೇ ಒಬ್ಬ ಹೆಣ್ಣುಮಗಳು, ಹಾರ್ವರ್ಡ್ ವೀಕ್ಷಣಾಲಯದ ಆ್ಯನಿ ಜಂಪ್ ಕ್ಯಾನನ್! ಎರಡು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ರೋಹಿತ ನೋಡಿ ವಿಂಗಡಿಸಿದವರು. ಇದನ್ನ ಯಾರೂ ನಮಗೆ ಹೇಳಲಿಲ್ಲ.

ಅಕ್ಷರಗಳು ಯಾಕೆ ಹಿಂದುಮುಂದಾಗಿವೆ ಅಂತಾನೂ ಹೇಳಲಿಲ್ಲ. ಮೊದಲು ಹೈಡ್ರೋಜನ್ ಗೆರೆಗಳು ಎಷ್ಟು ಗಾಢ ಅನ್ನೋದರ ಮೇಲೆ ಎ, ಬಿ, ಸಿ ಅಂತ ಹೆಸರಿಟ್ಟಿದ್ರು. 1901ರಲ್ಲಿ ಕ್ಯಾನನ್ ಕೆಲವನ್ನ ಕೈಬಿಟ್ಟು ಉಳಿದವನ್ನ ಹೊಸದಾಗಿ ಜೋಡಿಸಿದ್ರು. ಅದು ಶಾಖದ ಸಾಲು ಅನ್ನೋದಕ್ಕೆ ಲೆಕ್ಕ ಕೊಟ್ಟಿದ್ದು 1920ರಲ್ಲಿ ನಮ್ಮ ಮೇಘನಾದ ಸಹಾ. ತೀರಾ ಬಿಸಿ ನಕ್ಷತ್ರದಲ್ಲಿ ಹೈಡ್ರೋಜನ್ ಪರಮಾಣು ಎಲೆಕ್ಟ್ರಾನ್ ಕಳ್ಕೊಳ್ಳುತ್ತೆ, ಗೆರೆ ಮಸುಕಾಗುತ್ತೆ. ಕಮ್ಮಾರನ ಕುಲುಮೆ ನೋಡಿದವರಿಗೆ ಬಣ್ಣದ ಮಾತು ಹೊಸದಲ್ಲ: ಕಬ್ಬಿಣ ಮೊದಲು ಕೆಂಪು, ಆಮೇಲೆ ಹಳದಿ, ಕೊನೆಗೆ ಬೆಳ್ಳಗೆ. ಆರಿದ್ರಾ ಸುಮಾರು 3,500 ಕೆಲ್ವಿನ್, ಎಂ. ರೋಹಿಣಿ ಕೆ. ನಮ್ಮ ಸೂರ್ಯ ಸುಮಾರು 5,800, ಜಿ. ಚಿತ್ತಾ ನೀಲಿಬಿಳುಪು, 20,000ಕ್ಕೂ ಮೇಲೆ, ಬಿ.

ಮುತ್ಯಾನ ಪಂಚಾಂಗ ವಿಜ್ಞಾನಕ್ಕೆ ಸಮ ಅಂತ ನಾವು ಹೇಳ್ತಿಲ್ಲ. ಅವರಿಗೆ ಚುಕ್ಕಿಯ ಶಾಖ ಗೊತ್ತಿಲ್ಲ, ನಮಗೆ ಅದರ ಹೆಸರೇ ಗೊತ್ತಿರಲಿಲ್ಲ. ಎರಡೂ ಒಂದೇ ಪಾಠದಲ್ಲಿ ಸಿಕ್ರೆ ನಷ್ಟ ಯಾರಿಗೆ? ಹಳ್ಳಿ ಶಾಲೆ ಮಕ್ಕಳಿಗೆ ರೋಹಿಣಿ, ಆರಿದ್ರಾದಿಂದ ಶುರುಮಾಡಿದ್ರೆ ಆಕಾಶ ಪರದೇಶ ಅನ್ನಿಸಲ್ಲ.

ಆ ರಾತ್ರಿ ಮಾಳಿಗೆ ಮೇಲೆ ನಾವೇ ಒಂದು ವಾಕ್ಯ ಕಟ್ಟಿದ್ವಿ: "ಓ ಬಾ ಅಕ್ಕಾ, ಫಳಫಳ ಗಗನ ಕಾಣ್ತದ ಮ್ಯಾಲ!" ಇದರಲ್ಲಿ ಯಾರೂ ತಲೆ ತಗ್ಗಿಸಬೇಕಾಗಿಲ್ಲ, ಎತ್ತಬೇಕು ಅಷ್ಟೇ. ಇದಕ್ಕಿಂತ ಚಂದದ್ದು ನಿಮ್ಮ ಹತ್ರ ಇದ್ರೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.