ಅಡಿಗೆಮನೆಗೆ ಇಳಿದು ಬಂದ ಉಪನಿಷತ್ತು

ಹಳೆಯ ಧರ್ಮಗ್ರಂಥಗಳಿಂದ ಈ ಕಾಲದವರಿಗೆ, ಅದರಲ್ಲಿಯೂ ನಸುಕಿನಲ್ಲೆದ್ದು ಒಲೆ ಹೊತ್ತಿಸುವವನಿಗೆ, ದಿನವಿಡೀ ಕಚೇರಿಯಲ್ಲಿ ಲೆಕ್ಕ ಬರೆಯುವವನಿಗೆ, ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಎಲ್ಲವೂ ವೇದದಲ್ಲಿದೆ, ವಿಮಾನವೂ ಇದೆ ಎಂದು ಉತ್ತರಿಸುವ ಪಂಡಿತರ ಮಾತು ನಮಗೆ ರುಚಿಸದು. ಗ್ರಂಥದಲ್ಲಿ ಇಲ್ಲದ್ದನ್ನು ಇದೆಯೆನ್ನುವುದಕ್ಕಿಂತ ಇರುವುದನ್ನು ಓದುವುದು ಲೇಸು.

ಕೃಷ್ಣ ಯಜುರ್ವೇದಕ್ಕೆ ಸೇರಿದ ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯನ್ನೇ ನೋಡೋಣ. ಭೃಗುವು ತಂದೆಯಾದ ವರುಣನ ಬಳಿಗೆ ಹೋಗಿ ಬ್ರಹ್ಮವನ್ನು ತಿಳಿಸೆಂದು ಬೇಡುತ್ತಾನೆ. ತಪಸ್ಸಿನಿಂದ ನೀನೇ ಅರಿತುಕೋ ಎನ್ನುತ್ತಾನೆ ತಂದೆ. ಮಗನು ಮೊದಲು ಕಂಡುಕೊಳ್ಳುವುದು ಅನ್ನವೇ ಬ್ರಹ್ಮವೆಂದು. ಆಮೇಲೆ ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಆನಂದವನ್ನು ಮುಟ್ಟುತ್ತಾನೆ. ಇಷ್ಟಕ್ಕೇ ಮುಗಿದಿದ್ದರೆ ಅದು ಸಂನ್ಯಾಸಿಗಳ ಸ್ವತ್ತಾಗಿ ಉಳಿಯುತ್ತಿತ್ತು. ಆದರೆ ಆನಂದದ ತುದಿಗೇರಿದ ಉಪನಿಷತ್ತು ಮರಳಿ ಅಡಿಗೆಮನೆಗೇ ಇಳಿಯುತ್ತದೆ. ಅನ್ನವನ್ನು ಹಳಿಯಬಾರದು, ತಿರಸ್ಕರಿಸಬಾರದು, ಹೇರಳವಾಗಿಸಬೇಕು, ಆಶ್ರಯ ಬೇಡಿ ಬಂದ ಯಾರನ್ನೂ ಹಿಂದಕ್ಕೆ ಕಳುಹಿಸಬಾರದು. ಇವನ್ನು ಅದು ವ್ರತಗಳೆಂದು ಕರೆಯುತ್ತದೆ. ಯಾವ ಆದರದಿಂದ ಬಡಿಸಿದೆಯೋ ಅದೇ ಆದರದಿಂದ ನಿನಗೂ ಅನ್ನ ಒದಗುವುದೆಂದೂ ಹೇಳುತ್ತದೆ. ಹೋಟೆಲು ನಡೆಸಿದ ನಮಗೆ ಇದು ಪರಲೋಕದ ಮಾತೆಂದು ಎಂದೂ ತೋರಿದ್ದಿಲ್ಲ. ತಟ್ಟೆಯನ್ನು ಕುಕ್ಕಿ ಇಟ್ಟರೆ ಗಿರಾಕಿ ನಾಳೆ ಎದುರಿನ ಹೋಟೆಲಿಗೆ ಹೋಗುತ್ತಾನೆಂಬುದು ನಿನ್ನೆ ಊರಿನಿಂದ ಬಂದ ಮಾಣಿಗೂ ಗೊತ್ತು.

ಇಲ್ಲಿಯೇ ಒಂದು ಕಹಿ ಮಾತನ್ನೂ ಆಡಬೇಕಾಗಿದೆ. ಈ ವ್ರತಗಳನ್ನು ಸ್ವರ ತಪ್ಪದೆ ಪಠಿಸುತ್ತಿದ್ದ ಸಮಾಜವೇ ಪಂಕ್ತಿಭೇದವನ್ನು ಸಾಕಿತು, ಮನುಷ್ಯರನ್ನು ಬಾಗಿಲಾಚೆ ನಿಲ್ಲಿಸಿತು. ನಮ್ಮವರ ಹೋಟೆಲುಗಳಲ್ಲಿಯೂ ಒಂದು ಕಾಲಕ್ಕೆ ಬ್ರಾಹ್ಮಣರಿಗೆ ಬೇರೆಯೇ ಸ್ಥಳವಿರುತ್ತಿದ್ದುದನ್ನು ಮರೆಯಲಾಗದು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯಲ್ಲಿ ಹೋಟೆಲುಗಳ ಹೆಸರೆತ್ತಿಯೇ, ಜಾತಿಯ ಕಾರಣದಿಂದ ಯಾರ ಪ್ರವೇಶವನ್ನೂ ತಡೆಯಕೂಡದೆಂದು ಬರೆಯಬೇಕಾಯಿತು. 1955ರಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾನೂನೂ ಬಂದಿತು. ಸ್ಮೃತಿಗಳಲ್ಲಿ ಭೇದಕ್ಕೆ ಆಧಾರ ಹುಡುಕಿದವರಿಗೆ ಆಧಾರ ಸಿಕ್ಕಿತು. ಉಪನಿಷತ್ತಿನ ಈ ವ್ರತ ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ. ಆಯ್ದು ಓದುವ ಹಕ್ಕು ಅವರಿಗಿದ್ದರೆ ನಮಗೂ ಇದೆ.

ಆ ವ್ರತವನ್ನು ಇಂದು ಒರೆಗೆ ಹಚ್ಚಬೇಕಾದ ಸ್ಥಳವೆಂದರೆ ಹೋಟೆಲಿನ ಹಿಂದಿನ ಕೋಣೆ. ನೂರಾರು ಜನರಿಗೆ ಬಡಿಸಿದವನು ಮಧ್ಯಾಹ್ನ ಮೂರಕ್ಕೆ ಏನು ಉಣ್ಣುತ್ತಾನೆ? ತಳದಲ್ಲಿ ಉಳಿದದ್ದನ್ನೇ? ನಿಂತುಕೊಂಡೇ? ಹದಿನಾಲ್ಕು ತುಂಬದ ಹುಡುಗರನ್ನು ಹೋಟೆಲಿನಲ್ಲಿ ದುಡಿಸುವುದು 2006ರ ಅಕ್ಟೋಬರಿನಿಂದ ನಿಷಿದ್ಧ. ಹುಡುಗನ ವಯಸ್ಸನ್ನು ಕೇಳದೆಯೇ ಕೆಲಸಕ್ಕೆ ಹಚ್ಚುವವರು ಇನ್ನೂ ಇಲ್ಲವೇ? ಗಲ್ಲಾದ ಮೇಲಿನ ಅನ್ನಪೂರ್ಣೆಯ ಪಟಕ್ಕೆ ದಿನವೂ ಹೂವೇರಿಸುವ ಮಾಲಿಕರು ಇದನ್ನು ತಮ್ಮಲ್ಲಿಯೇ ಕೇಳಿಕೊಳ್ಳಲಿ. ಇದನ್ನೋದಿ ಕಾರಕೂನ ಬಂಧುಗಳು ನಗಬೇಕಾಗಿಲ್ಲ. ಒಂದು ಲೋಟ ನೀರು ತಡವಾದುದಕ್ಕೆ ಮಾಣಿಯನ್ನು ಏಕವಚನದಲ್ಲಿ ಗದರಿಸುವವರು ಅವರಲ್ಲಿಯೂ ಉಂಟು.

ಸಂಸ್ಕೃತ ಬಾರದೆಂಬ ನೆಪ ಬೇಡ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದವರು ಉಪನಿಷತ್ತುಗಳನ್ನು ಕನ್ನಡ ಅರ್ಥದೊಡನೆ ಅಚ್ಚು ಹಾಕಿಸಿದ್ದಾರೆ. ಭೃಗುವಲ್ಲಿಯಲ್ಲಿ ಇರುವುದು ಹತ್ತೇ ಅನುವಾಕಗಳು. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದ ನಮಗೇ ತಿಳಿದ ಮೇಲೆ ಉಳಿದವರಿಗೆ ತಿಳಿಯದೆ ಹೋದೀತೇ? ತೊಡಕಿರುವುದು ವೇಳೆಯದು. ನಮ್ಮ ಸಂಘಗಳಲ್ಲಿ ಪ್ರವಚನವೆಂದರೆ ಸಂಜೆ ಆರು ಗಂಟೆ. ಆಗ ಹೋಟೆಲುಗಳಲ್ಲಿ ಕಾಫಿ ತಿಂಡಿಯ ನೂಕುನುಗ್ಗಲು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಕೆಲಸಗಾರರು ಕೈತೊಳೆದು ಕುಳಿತ ಹೊತ್ತಿನಲ್ಲಿ, ಅರ್ಧ ತಾಸು ಓದಿಸಿ ಅರ್ಥ ಹೇಳಿಸಲು ಯಾವ ಸಂಘವಾದರೂ ಮುಂದೆ ಬಂದರೆ ಅದರ ಪ್ರಕಟಣೆಗೆ ಈ ಪತ್ರಿಕೆಯಲ್ಲಿ ಸ್ಥಳ ಕಾದಿರಿಸಿದ್ದೇವೆ.